ವಾರಗಿತ್ತಿಯ ಭಯ

ಬೂದಿಗೆರೆಯ ವೆಂಕಟರಾಯಪ್ಪನವರು ಬಿಟ್ಟುಹೋದ ಹುಳುಮನೆಯಲ್ಲಿ ರೇಷ್ಮೆಹುಳುಗಳು ನಾಲ್ಕನೇ ಜ್ವರ ಬಿಟ್ಟು ಎದ್ದಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಕಳಚುವ ಮುಂಚಿನ ನಿದ್ದೆ. ಎದ್ದ ಮೇಲಿನ ಹಸಿವಿಗೆ ಮಾತ್ರ ಮೂರು ಲೋಕದಲ್ಲೂ ಮದ್ದಿಲ್ಲ. ಲಕ್ಷ ಬಾಯಿಗಳು ಒಟ್ಟಿಗೆ ಸೊಪ್ಪು ಮೇಯುವ ಸದ್ದಿಗೆ, ಎದುರಿನ ಹೊಸ ಅಪಾರ್ಟ್‌ಮೆಂಟಿನವರು ಮಳೆ ಬಂತೆಂದು ಒಣಹಾಕಿದ ಬಟ್ಟೆ ಎತ್ತಿಕೊಂಡು ಓಡುತ್ತಿದ್ದರು. ಆ ಲಕ್ಷ ಬಾಯಿಗೂ ತುತ್ತಿಡುವ ಕೈ ಎರಡೇ ಎರಡು, ಅವೂ ತನ್ನವು ಎಂಬುದು ಆ ಮನೆಯ ಹಿರಿಸೊಸೆ ವಾಣಿಶ್ರೀಯ ಎಣಿಕೆ. ಅತ್ತೆ ಅಮ್ಮಯಮ್ಮ, ಗಂಡ ಕೆಂಪರಾಜ್ ಪಕ್ಕದಲ್ಲೇ ಬೆವರು ಸುರಿಸುತ್ತಿದ್ದರೂ ಅವರ ಕೈಗಳು ಆ ಎಣಿಕೆಗೆ ಬರುತ್ತಿರಲಿಲ್ಲ.

ಎಣಿಕೆಗೆ ಬರುತ್ತಿದ್ದುದು ಅಡುಗೆಮನೆಯಲ್ಲಿ ಕೂತಿದ್ದ ಇನ್ನೆರಡು ಕೈ. ಹಗಲೆಲ್ಲ ಪೇಟೆಯ ಕೆಲಸಕ್ಕೆ ಹೋಗುವ ಮೈದುನ ಬೈರೇಶನನ್ನು ಮದುವೆಯಾಗಿ ಮೂರು ತಿಂಗಳ ಹಿಂದೆ ಅರಿಶಿನಕುಂಟೆಯಿಂದ ಬಂದ ಪವಿತ್ರಳವು. ಅವಳಿಗೆ ಹುಳು ಕಂಡರೆ ಭಯವಂತೆ! ವಾಣಿಶ್ರೀಯ ಉಗುರು ಸೊಪ್ಪಿನ ಕಲೆಗೆ ಹಸಿರಾಗಿದ್ದರೆ, ಪವಿತ್ರಳ ಉಗುರಿಗೆ ಗುಲಾಬಿ ಬಣ್ಣ. ಆ ಹೊಳಪು ದೇವನಹಳ್ಳಿ ವಿಮಾನ ನಿಲ್ದಾಣದ ರನ್‌ವೇ ದೀಪಕ್ಕೂ ಇರಲಿಲ್ಲ. ಅದನ್ನು ಕಂಡಾಗಲೆಲ್ಲ ವಾಣಿಶ್ರೀಯ ಹೊಟ್ಟೆಯಲ್ಲಿ ಏಳುತ್ತಿದ್ದ ಕಿಚ್ಚಿನಲ್ಲಿ ಹತ್ತೂರಿಗೆ ಮುದ್ದೆ ತಿರುವಬಹುದಿತ್ತು.

"ನಂಗೂ ಭಯ ಇತ್ತಲ್ಲ ಅತ್ತೆ?" ಎಂದಳು ಸೊಪ್ಪು ಹರಡುತ್ತಾ. "ಮದ್ವೆ ಆಗಿ ಮೂರನೇ ದಿನಕ್ಕೆ ನನ್ ಕೈ ಎಳ್ಕೊಂಡು ಹುಳು ಸುರಿದ್ರಿ. ನೆನಪೈತಾ?"

ಅಮ್ಮಯಮ್ಮನಿಗೆ ನೆನಪಿಲ್ಲದೆ ಏನು. ಹೊಸ ಸೊಸೆಯ ಅಂಗೈಗೆ ಹುಳು ಸುರಿಯುವುದು ಆ ಮನೆಯ ಪದ್ಧತಿ. ಎಂಟು ವರ್ಷದ ಹಿಂದೆ ವಾಣಿಶ್ರೀ ಕಿರುಚಿದ್ದಕ್ಕೆ ಹೊಸಕೋಟೆ ಕೆರೆಯ ಕೊಕ್ಕರೆಗಳು ಹಾರಿಹೋಗಿ ಒಂದು ವಾರ ಮರಳಿರಲಿಲ್ಲ. ನಾಲ್ಕನೇ ದಿನಕ್ಕೆ ಅದೇ ವಾಣಿಶ್ರೀ ಹುಳುವಿನ ತಟ್ಟೆ ಹೊತ್ತು ಓಡಾಡುತ್ತಿದ್ದಳು.

"ಬೈರೇಶ ಆಣೆ ಹಾಕಿಸ್ಕೊಂಡವ್ನೆ ಕಣೇ, ಬಲವಂತ ಮಾಡ್ಬೇಡಿ ಅಂತ."

"ನನ್ ಗಂಡಂಗೆ ಆಣೆ ಹಾಕ್ಸೋಕೆ ಬಾಯಿರ್ಲಿಲ್ಲ ಬಿಡಿ," ಎಂದು ವಾಣಿಶ್ರೀ ಕೆಂಪರಾಜನತ್ತ ನೋಡಿದಳು. ಅವನು ಸೊಪ್ಪಿನ ಹೊರೆಯ ಹಿಂದೆ ತಲೆ ತಗ್ಗಿಸಿದ. "ಅದು ಭಯ ಅಲ್ಲ ಅತ್ತೆ, ನಾಟ್ಕ. ಇವತ್ತು ಹುಳಾನ ಕಂಡ್ರೆ ಆಗಲ್ಲ ಅಂತಾಳೆ, ನಾಳೆ ನಿಮ್ಮನ್ನ ಕಂಡ್ರೆ ಆಗಲ್ಲ ಅಂತಾಳೆ."

ಆ ಮಾತು ನಾಟಿತು. ಅಮ್ಮಯಮ್ಮ ಅಡುಗೆಮನೆಗೆ ಹೋಗಿ ಕಿರಿಸೊಸೆಯ ಮುಂದೆ ನಿಂತರು. "ನೋಡಮ್ಮಾ, ನೀನ್ ಉಣ್ಣೋ ಅನ್ನ ಆ ಹುಳದ್ದು. ಅದು ಲಕ್ಷ್ಮಿ. ಲಕ್ಷ್ಮೀನ ಕಂಡು ಹೆದರ್ಕೊಂಡ್ರೆ ಮನೆ ಉಳಿಯುತ್ತಾ? ಹುಳ ಹಣ್ಣಾಗಿ ಗೂಡು ಕಟ್ಟೋ ದಿನ ಕೈ ಸಾಲಲ್ಲ. ಅವತ್ತು ಒಳಕ್ಕೆ ಬರ್ಬೇಕು. ಆಗಲ್ಲ ಅಂದ್ರೆ ತವರಿಗೆ ಹೋಗಿ ಭಯ ಬಿಡಿಸ್ಕೊಂಡೇ ಬಾ."

ಪವಿತ್ರ ತಲೆಯಾಡಿಸಿ ಪಾತ್ರೆ ತೊಳೆಯತೊಡಗಿದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ವಾಣಿಶ್ರೀಗೆ ಅದೂ ನಾಟಕದಂತೆಯೇ ಕಂಡಿತು. ಬಯಲು ಮಾಡಬೇಕು ಎಂದುಕೊಂಡಳು.

ಮರುದಿನ ಬೆಳಿಗ್ಗೆ ಅತ್ತೆ, ಗಂಡ ತೋಟಕ್ಕೆ ಹೋದ ಮೇಲೆ, ಬೆರಳುದ್ದದ ಹುಳುವೊಂದನ್ನು ಎಲೆಯ ಮೇಲಿಟ್ಟು ಅಡುಗೆ ಕಟ್ಟೆಯ ಮೇಲೆ, ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಬಿಟ್ಟಳು. ತಾನು ಹಿತ್ತಿಲ ಕಿಟಕಿಯ ಹೊರಗೆ ಕುಕ್ಕರಗಾಲಲ್ಲಿ ಕೂತಳು. ನೋಡುವವರಿಲ್ಲದಾಗ ನಾಟಕ ಆಡುವವರುಂಟೇ? ನಾಟಕವೇ ಆಗಿದ್ದರೆ ಅವಳು ಎಲೆ ಸಮೇತ ಎತ್ತಿ ಬಿಸಾಕುತ್ತಾಳೆ. ಆಗ ಕಿಟಕಿಯಲ್ಲಿ ತಲೆಯಿಟ್ಟು "ಏನಮ್ಮಾ, ಭಯ ಹೋಯ್ತಾ?" ಎನ್ನಬೇಕು. ಆ ಒಂದು ಮಾತಿಗಾಗಿ ವಾಣಿಶ್ರೀ ರಾತ್ರಿಯಿಡೀ ಹದಿನೆಂಟು ರಾಗದಲ್ಲಿ ಅಭ್ಯಾಸ ಮಾಡಿದ್ದಳು.

ಪವಿತ್ರ ಬಂದಳು. ಒಲೆ ಹಚ್ಚಿ ಹಾಲಿಟ್ಟಳು. ಸಕ್ಕರೆ ಡಬ್ಬಿಯತ್ತ ತಿರುಗಿದಾಗ ಹುಳು ಕಂಡಿತು.

ಅವಳು ಕಿರುಚಲಿಲ್ಲ. ಅದೇ ವಾಣಿಶ್ರೀಯನ್ನು ಮೊದಲು ತಬ್ಬಿಬ್ಬು ಮಾಡಿದ್ದು. ಕಿರುಚಲು ಉಸಿರು ಬೇಕಲ್ಲ, ಅವಳಲ್ಲಿ ಉಳಿದದ್ದು ಪಿಸುಗುಡುವಷ್ಟೇ. ಮುಖ ಸುಣ್ಣದ ಗೋಡೆಯಾಯಿತು. ಹಣೆಯಲ್ಲಿ ಬೆವರು ಬಟಾಣಿ ಗಾತ್ರಕ್ಕೆ ಮೂಡಿತು. "ಏನೂ ಮಾಡಲ್ಲ ಅದು... ಏನೂ ಮಾಡಲ್ಲ... ಪಾಪದ್ದು ಅದು..." ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಬಾಯಿ ಹಾಗೆನ್ನುತ್ತಿದ್ದರೆ ಕಾಲು ಹಿಂದಕ್ಕೆ ಸರಿಯಲೂ ಒಪ್ಪುತ್ತಿರಲಿಲ್ಲ. ಹಾಲು ಉಕ್ಕಿತು. ಆಸರೆಗೆಂದು ಚಾಚಿದ ಎಡಗೈ ಕಾದ ಪಾತ್ರೆಯ ಮೇಲೇ ಊರಿತು. ಚುರ್ರೆಂದ ಸದ್ದು ಕಿಟಕಿಯಾಚೆಗೂ ಕೇಳಿತು. ಪವಿತ್ರಳಿಗೆ ಕೇಳಲಿಲ್ಲ. ಕೈ ಸುಡುತ್ತಿದ್ದರೂ ಕಣ್ಣು ಹುಳುವಿನ ಮೇಲೇ ಇತ್ತು.

ವಾಣಿಶ್ರೀ ಹೇಗೆ ಒಳಗೆ ಬಂದಳೋ ಅವಳಿಗೇ ತಿಳಿಯದು. ಕೈ ಎಳೆದಳು, ಒಲೆ ಆರಿಸಿದಳು, ಹುಳುವನ್ನು ಸೆರಗಿನಲ್ಲಿ ಮುಚ್ಚಿ ಹೊರಗಿಟ್ಟು ಬಂದಳು. ಪವಿತ್ರಳ ಅಂಗೈಗೆ ತಣ್ಣೀರು ಸುರಿದಳು.

"ಅಕ್ಕಾ," ಉಸಿರು ಬಂದ ಮೇಲೆ ಪವಿತ್ರ ಹೇಳಿದ ಮೊದಲ ಮಾತು, "ಅತ್ತೆಗೆ ಹೇಳ್ಬೇಡಿ. ಕಳಿಸ್ಬಿಡ್ತಾರೆ."

"ಹುಳ ಅಲ್ಲಿ ಹೆಂಗ್ ಬಂತು ಅಂತ ಕೇಳಲ್ವೇನೇ ನೀನು?"

"ನಂಗೆ ಹೋಗಿ ತೆಗೆಯೋಕಾಗ್ಲಿಲ್ವಲ್ಲ ಅಂತ ನಾಚ್ಕೆ ಅಕ್ಕಾ. ದಿನಾ ಬೆಳಗ್ಗೆ ನೀವೆಲ್ಲ ಏಳೋ ಮುಂಚೆ ಹುಳುಮನೆ ಬಾಗಿಲ್ಗೆ ಹೋಗಿ ನಿಂತ್ಕೋತೀನಿ. ಇವತ್ತಾದ್ರೂ ಒಳಗೆ ಹೋಗ್ತೀನಿ ಅಂತ. ಆಗಲ್ಲ."

ವಾಣಿಶ್ರೀಗೆ ನೆಲವೇ ಬಾಯ್ದೆರೆದು ನುಂಗಿದ್ದರೆ ಚೆನ್ನಾಗಿತ್ತು. ಬೂದಿಗೆರೆಯ ನೆಲ ಅಷ್ಟು ಸುಲಭಕ್ಕೆ ಬಾಯ್ದೆರೆಯುವುದಿಲ್ಲ. "ನಾನೇ ಕಣೇ ಇಟ್ಟಿದ್ದು," ಎಂದಳು. "ನಿನ್ನ ಕಂಡು ಹೊಟ್ಟೆ ಉರ್ಕೊಂಡು."

ಪವಿತ್ರ ಸುಟ್ಟ ಅಂಗೈಯನ್ನು ಅವಳತ್ತ ಚಾಚಿದಳು. ಬೈಯಲಿಲ್ಲ. "ಕೈ ಉರೀತೈತೆ ಅಕ್ಕಾ," ಎಂದಳು.

ಬಸ್ಸು ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋದರು. ಕೈಗೆ ಪಟ್ಟಿ ಕಟ್ಟುತ್ತಾ ನರ್ಸ್ ಹೇಗಾಯಿತೆಂದು ಕೇಳಿದರು. ಪೂರ್ತಿ ಕೇಳಿ, ಆ ದಿನ ಬಂದಿದ್ದ ಮನಸ್ಸಿನ ಡಾಕ್ಟರ ಕೋಣೆಗೆ ಕಳಿಸಿದರು. ಆ ಡಾಕ್ಟರಮ್ಮ ಅರ್ಧ ಗಂಟೆ ಪವಿತ್ರಳನ್ನೇ ಮಾತಾಡಿಸಿದರು. ವಾಣಿಶ್ರೀಗೆ ಅಲ್ಲೂ ಸ್ವಲ್ಪ ಕಿಚ್ಚು ಬಂತು. ತನ್ನ ಭಯವನ್ನು ಈ ಭೂಮಿಯ ಮೇಲೆ ಯಾರೂ ಅರ್ಧ ನಿಮಿಷವೂ ವಿಚಾರಿಸಿರಲಿಲ್ಲ.

"ನಂಗೂ ಭಯ ಇತ್ತು ಮೇಡಂ," ಎಂದು ತಡೆಯಲಾರದೆ ಹೇಳಿಯೇಬಿಟ್ಟಳು. "ಕೈಗೆ ಹುಳ ಸುರಿದ್ರು, ಹೋಯ್ತು."

"ನಿಮ್ದು ಹೊಸದನ್ನ ಕಂಡ ಭಯ. ಹುಳ ಏನೂ ಮಾಡಲ್ಲ ಅಂತ ಗೊತ್ತಾದ್ಮೇಲೆ ಹೋಯ್ತು," ಎಂದರು ಡಾಕ್ಟರಮ್ಮ. "ಇವ್ರಿಗೆ ಅದು ಮೊದಲಿಂದ್ಲೂ ಗೊತ್ತು. ಗೊತ್ತಿದ್ರೂ ಮೈ ಕೇಳಲ್ಲ. ಇದನ್ನ ಫೋಬಿಯಾ ಅಂತಾರೆ. ಬಲವಂತ ಮಾಡಿದ್ರೆ ಇನ್ನೂ ಬಿಗಿಯಾಗುತ್ತೆ. ಮೊದಲು ಬರೀ ಚಿತ್ರ ನೋಡೋದು, ಆಮೇಲೆ ದೂರದಿಂದ. ಸಾಕು ಅಂತ ಇವ್ರು ಅಂದ ಕಡೆ ನಿಲ್ಲಿಸ್ಬೇಕು. ವಾರ ವಾರ ಬನ್ನಿ, ವಾಸಿಯಾಗುತ್ತೆ. ಅಂದ ಹಾಗೆ, ನಿಮ್ಗೂ ಹಾಗೆ ಸುರಿಬಾರ್ದಿತ್ತು."

ಆ ಕೊನೆಯ ಮಾತಿಗೆ ವಾಣಿಶ್ರೀಯ ಕಣ್ಣಲ್ಲಿ ಬಂದ ನೀರನ್ನು ಹಿಡಿದಿಟ್ಟಿದ್ದರೆ ಬೂದಿಗೆರೆ ಕೆರೆ ಕೋಡಿ ಬೀಳುತ್ತಿತ್ತು. ಸೆರಗಲ್ಲೇ ಮುಗಿಸಿದಳು. ಮನೆಯಲ್ಲಿ ಮಾತ್ರ ಹಾಲು ಉಕ್ಕಿ ಕೈ ಸುಟ್ಟಿತೆಂದಷ್ಟೇ ಹೇಳಿದರು.

ಐದು ದಿನಕ್ಕೆ ಹುಳುಗಳೆಲ್ಲ ಒಟ್ಟಿಗೆ ಹಣ್ಣಾದವು. ಹಣ್ಣಾದ ಹುಳುವನ್ನು ಆಗಿಂದಾಗಲೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ದಂಡ. ಅಮ್ಮಯಮ್ಮ ಹುಳುಮನೆಯ ಬಾಗಿಲಲ್ಲಿ ನಿಂತು ಕೂಗಿದರು. "ಎಲ್ಲೇ ಕಿರಿಯವಳು? ಅವಳ ಪಾಲಿನ ತಟ್ಟೆ ಹಂಗೇ ಐತೆ!"

"ಅವಳು ಬರಲ್ಲ ಅತ್ತೆ," ಎಂದಳು ವಾಣಿಶ್ರೀ. "ತವರಿಗೂ ಹೋಗಲ್ಲ. ನಾಟ್ಕ ಅಂದಿದ್ದು ನಂದೇ ತಪ್ಪು. ಅದು ಕಾಯ್ಲೆ, ಔಷಧಿ ಥರ ದಿನಾ ಇಷ್ಟಿಷ್ಟೇ ವಾಸಿ ಮಾಡ್ಬೇಕು. ಅಲ್ಲೀವರ್ಗೂ ಅವಳ ತಟ್ಟೆ ನಂದು."

"ನೀನೇ ತಾನೇ ಮೊನ್ನೆ..."

"ಹೂಂ, ನಾನೇ. ತಟ್ಟೆ ಕೊಡಿ, ಹುಳ ಕಾಯಲ್ಲ."

ಅಮ್ಮಯಮ್ಮ ಅವಳ ಮುಖ ನೋಡಿದರು, ತಟ್ಟೆ ನೋಡಿದರು. ಕೊಟ್ಟರು.

ಆ ಮಧ್ಯಾಹ್ನ ವಾಣಿಶ್ರೀ ಎರಡು ಆಳಿನ ಕೆಲಸ ಮಾಡಿದಳು. ನಲವತ್ತು ಆಳಿನದು ಎಂದು ಅವಳೇ ಮುಂದೆ ಊರೆಲ್ಲ ಹೇಳಿಕೊಂಡು ತಿರುಗಿದಳು. ಹೊಟ್ಟೆ ಚುರುಗುಟ್ಟಿದಾಗ ಹೊರಗೆ ಬಂದಳು. ಅಂಗಳದ ಆ ತುದಿಯಲ್ಲಿ ಪವಿತ್ರ ಮುದ್ದೆ, ಸಾರಿನ ತಟ್ಟೆ ಇಟ್ಟುಕೊಂಡು ಕೂತಿದ್ದಳು. ವಾಣಿಶ್ರೀ ಹುಳು ಮುಟ್ಟಿದ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಅವಳ ಬಳಿ ನಡೆದು ಹೋಗಿ, ಮುಂದೆ ಬಗ್ಗಿ, ಬಾಯಿ ತೆರೆದಳು.

ಪವಿತ್ರ ಬಲಗೈಯಲ್ಲಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅವಳ ಬಾಯಿಗಿಟ್ಟಳು.

"ಉಪ್ಪು ಕಮ್ಮಿ ಐತೆ ಕಣೇ," ಎಂದಳು ವಾಣಿಶ್ರೀ. ಮತ್ತೆ ಬಾಯಿ ತೆರೆದಳು.