ತಟ್ಟೆ ಹಿಡಿದ ಹುಡುಗ

ಮಗಳ ನೋಟ್‌ಬುಕ್ಕಿಂದ ಜಾರಿ ಬಿದ್ದ ಫೋಟೋನ ಮಹದೇವಪ್ಪ ವೀಳ್ಯದೆಲೆ ಕಟ್ಟಿನ ಮೇಲಿಟ್ಟು ಕಣ್ಣು ಕಿರಿದು ಮಾಡ್ಕೊಂಡು ನೋಡಿದ. ಕೋಟು ಹಾಕಿದ ಹುಡುಗ. ಕೈಯಲ್ಲಿ ತಟ್ಟೆ. ತಟ್ಟೇಲಿ ಎಲೆ-ಅಡಿಕೆ. ಎದುರಿಗೆ ಯಾರೋ ಹಿರೀಕರು ಕೂತವ್ರೆ.

ಸಿದ್ಧಾರ್ಥನಗರದಲ್ಲಿ ಎಲೆ ಮಾರೋ ಮಹದೇವಪ್ಪನ ಮೂಗು ಸಾಮಾನ್ಯದ್ದಲ್ಲ. ಬೆಟ್ಟದ ಮೇಲೆ ಒಂದೆಲೆ ಕೊಳೆತ್ರೆ ಇಲ್ಲಿ ಅವನಿಗೆ ಸೀನು ಬರೋದು. ಅಂಥಾ ಮೂಗಿಗೆ ತಿಂಗಳಿಂದ ಏನೋ ವಾಸನೆ ಬಡೀತಿತ್ತು. ಮೂರು ವರ್ಷಕ್ಕೆ ಡಿಗ್ರಿ ಮುಗಿಸಿ ಜೊತೆಯವರೆಲ್ಲ ಮನೆ ಸೇರಿದ್ರೆ, ಮಗಳು ಹೇಮಶ್ರೀ ಮಾತ್ರ ಏಷ್ಯಾ ದೇಶಗಳ ಬಗ್ಗೆ ಇನ್ನೊಂದು ವರ್ಷ ಆನರ್ಸ್ ಓದ್ತೀನಿ ಅಂತ ಹಠ ಹಿಡಿದಿದ್ಲು. ಫಾರಂಗೆ ಅಪ್ಪನ ಸೈನ್ ಬೇಕು, ಇವತ್ತೇ ಕಡೇ ದಿನ. ಇದರ ಮೇಲೆ ಅಂಗಡಿಯಿಂದ ದಿನಾ ಎರಡೆಲೆ ಮಾಯ. ಅದನ್ನ ಹುಡುಕಕ್ಕೆ ಹೋಗೇ ಅವನು ನೋಟ್‌ಬುಕ್ ಎತ್ತಿದ್ದು; ಬಿಚ್ಚೋಕ್ ಮುಂಚೇನೇ ಫೋಟೋ ಜಾರಿತ್ತು.

"ಲೇ ಪ್ರೇಮಲೀಲಾ, ನಿನ್ ಮಗಳು ನಮ್ಗೆ ಹೇಳ್ದೆ ಎಲೆ-ಅಡಿಕೆ ಬದ್ಲಾಯಿಸ್ಬುಟ್ಟವ್ಳೆ ಕಣೇ."

ಹೆಂಡ್ತಿ ಸೌಟು ಹಿಡ್ಕೊಂಡೇ ಬಂದು ಬಗ್ಗಿ ನೋಡಿದ್ಲು. "ಹುಡ್ಗ ಲಕ್ಷಣವಾಗವ್ನೆ ಕಣ್ರೀ."

"ಲಕ್ಷಣ ಆಮೇಲೆ. ಯಾವೂರೋನು ಕೇಳು."

"ವಿಯೆಟ್ನಾಂನೋನು," ಅಂತ ಅರ್ಧ ಹೆಣೆದ ಜಡೆ ಹಿಡ್ಕೊಂಡು ಹೇಮಶ್ರೀ ಬಂದ್ಲು. "ಅವನ್ಯಾರೋ ನಂಗೂ ಗೊತ್ತಿಲ್ಲ ಅಪ್ಪಾಜಿ. ಅಲ್ಲೂ ಗಂಡಿನ ಕಡೆಯೋರು ಎಲೆ-ಅಡಿಕೆ ತಗೊಂಡೋಗೇ ಹೆಣ್ಣು ಕೇಳೋದು. ಆನರ್ಸಿಗೆ ನಾನು ಬರೀಬೇಕಿರೋದು ಅದನ್ನೇ."

"ಎಲೆ ಬಗ್ಗೆ ಬರೆಯಕ್ಕೆ ಒಂದ್ ವರ್ಷನಾ? ನನ್ ಕೇಳಿದ್ರೆ ಅರ್ಧ ಗಂಟೇಲಿ ಹೇಳ್ತಿದ್ದೆ. ಮತ್ತೆ ದಿನಾ ಎರಡೆಲೆ ಯಾರಿಗೆ ಕೊಡ್ತಿದ್ದೆ?"

ಅವಳು ನೋಟ್‌ಬುಕ್ ತೆಗೆದು ತೋರಿಸಿದ್ಲು. ಪುಟಪುಟಕ್ಕೂ ಒಣಗಿದ ಎಲೆ ಅಂಟಿಸಿತ್ತು. ಮಹದೇವಪ್ಪ ಒಂದೊಂದನ್ನೂ ಮೂಸಿದ. ಕಡೇ ಪುಟದಲ್ಲಿ ಇನ್ನೊಂದು ಫೋಟೋ. ಬಾಗಿಲಲ್ಲಿ ಕಾಲು ಚಾಚಿ ಕೂತ ಮುದುಕಿ, ಉಗುರಲ್ಲಿ ಸುಣ್ಣ, ಎಲೆನ ತೊಡೆ ಮೇಲೆ ಒರೆಸ್ತಾವ್ಳೆ.

ಅವನವ್ವ ಸಾಯೋಗಂಟ ಹಿಂಗೇ ಒರೆಸೋಳು. ಎಲ್ಲಾ ಸೀರೇಲೂ ಬಲತೊಡೆ ಹತ್ರ ಒಂದು ಹಸಿರು ಕರೆ.

"ಈ ಮುದುಕೀನೂ ಅಲ್ಲಿಯೋಳೇನಾ?"

"ಹೂಂ ಅಪ್ಪಾಜಿ."

"ಫಾರಂ ಕೊಡು." ಸೈನ್ ಹಾಕಿ, ಪೆನ್ನು ಕೈಯಲ್ಲೇ ಇಟ್ಕೊಂಡ. "ಆ ತಟ್ಟೆ ಹುಡ್ಗನ ಮೇಲೆ ಮಾತ್ರ ನಂಗಿನ್ನೂ ಅನುಮಾನ ಐತೆ."

ಹೇಮಶ್ರೀ ಜಡೆ ಮುಗಿಸಕ್ಕೆ ಒಳಗೆ ಹೋದ್ಲು. ಮಹದೇವಪ್ಪ ಕಟ್ಟಿಂದ ಎರಡೆಲೆ ಎಳೆದ. ಒಂದು ಅಂಚಲ್ಲಿ ಹರಿದಿತ್ತು, ಅದನ್ನ ಪಕ್ಕಕ್ಕಿಟ್ಟು ಬೇರೆ ಎಳೆದ. ಅತ್ತ ಇತ್ತ ನೋಡಿ, ಬಿಳೀ ಪಂಚೆ ಮೇಲೆ, ಬಲತೊಡೆಗೆ, ಮೆಲ್ಲಗೆ ಒರೆಸಿದ.