ಗುಣ

ಗುಣವಾಯಿತು ಎಂದು ಯಾರಾದರೂ ಹೇಳಿದರೆ ವೈದ್ಯನಾದವನು ಸಂತೋಷಪಡಬೇಕು ಎಂಬುದು ಡಾಕ್ಟರ್ ರಮಾಕಾಂತನಿಗೆ ನೆನಪಾಗುವಷ್ಟರಲ್ಲಿ ಉಮರ್ ಫಾರೂಕ್ ಅದನ್ನು ಎರಡನೆಯ ಸಲ ಹೇಳಿದ್ದ.

"ಪೂರ್ತಿ ಗುಣ, ಡಾಕ್ಟ್ರೇ. ಅಮ್ಮಂದು ಈಗ ಸದ್ದೇ ಇಲ್ಲ."

ಮಗ ಮಗಳ ನಡುವೆ ಸುಗ್ರಾ ಬೀ ಸ್ಟೂಲಿನ ಮೇಲೆ ಕೂತಿದ್ದಳು. ಕೂತಿದ್ದಳು ಅನ್ನುವುದಕ್ಕಿಂತ, ಇಟ್ಟಿದ್ದರು.

ಗಂಡ ಸತ್ತ ಮೇಲೆ ಆಕೆ ಬೆಳಕು ಹರಿಯುವ ಮುಂಚೆಯೇ ಎದ್ದು ಅವನ ಜೊತೆ ಜಗಳ ತೆಗೆಯುತ್ತಿದ್ದಳು. ಎಮರ್ಜೆನ್ಸಿ ಹೊತ್ತಿನಲ್ಲಿ ಆ ಜಾವಳಿ ಊರಿನವನಿಗೆ ಜೀಪು ಯಾಕೆ ಮಾರಿದಿರಿ? ನನ್ನನ್ನು ಒಂದು ಮಾತು ಕೇಳಿದಿರಾ? ಗೋಣಿಬೀಡಿನಲ್ಲಿ ಮೊದಲ ಬಸ್ಸಿಗೆ ಬಂದವರು ಉಮರನ ಮನೆಗೆ ಅಂಟಿಕೊಂಡ ಗ್ಯಾರೇಜಿನ ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಿದ್ದರು. ಸತ್ತವನ ಪರವಾಗಿ ವಾದಿಸುವವರೂ ಇದ್ದರಂತೆ. ಮಗನಿಗೆ ಮರ್ಯಾದೆಯ ಪ್ರಶ್ನೆ.

ಹೋದ ತಿಂಗಳು ರಮಾಕಾಂತ ಇದನ್ನೆಲ್ಲ ಮಗನ ಬಾಯಿಂದಲೇ ಕೇಳಿದ್ದ. ಮುದುಕಿಗೆ ಹೇಳಿದ್ದು ಒಂದೇ ಮಾತು: "ನಾಲಿಗೆ ಚಾಚಿ." ಚಾಚಿದ್ದಳು. ನಿದ್ದೆಗೊಂದು, ಮಂಡೆ ತಣ್ಣಗಾಗಲಿಕ್ಕೆ ಇನ್ನೊಂದು ಮಾತ್ರೆ ಬರೆದಿದ್ದ. ಕಾಲೇಜಿನಲ್ಲಿ ಮನಸ್ಸಿನ ಬಗ್ಗೆ ದಪ್ಪ ಪುಸ್ತಕಗಳನ್ನು ಗೆರೆ ಎಳೆದು ಓದಿದವನು. ಆದರೆ ಮೂಡಿಗೆರೆಯಲ್ಲಿ ಕ್ಯೂ ಉದ್ದ. ವಯಸ್ಸಾದವರ ದುಃಖ ಮಂಡಿನೋವಿನ ಜಾತಿಯದು, ಬೇರು ಹುಡುಕಿ ಪ್ರಯೋಜನವಿಲ್ಲ ಎಂಬ ತೀರ್ಮಾನಕ್ಕೆ ಬಂದು ಬಹಳ ಕಾಲವಾಗಿತ್ತು.

"ಗುಣ ಅಂತೆ ಗುಣ," ಎಂದಳು ಮಗಳು ರಶೀದಾ. "ಅಮ್ಮನ ಗುಣವೇ ಹೋಯ್ತು ಡಾಕ್ಟ್ರೇ. ಬೈಯೋದೇ ಅವ್ರ ಗುಣ. ನಿನ್ನೆ ನನ್ನನ್ನ ನೋಡಿ, ಯಾರ ಮನೆಯವಳು ನೀನು ಅಂದ್ರು. ಮಾತ್ರೆ ನಿಲ್ಸಿ."

"ನೀನು ಹಬ್ಬಕ್ಕೆ ಬಂದು ಹೋಗೋಳು ಮಾರಾಯ್ತಿ. ನಿಲ್ಸಿದ್ರೆ ಕೇಳೋನು ನಾನಲ್ವಾ?"

"ಕೇಳಿದ್ರೆ ಏನಾಗ್ತದೆ? ಅಪ್ಪ ಕೇಳ್ಲಿಲ್ವಾ?"

"ಕೇಳಿದ್ರು. ಸತ್ರು."

ರಮಾಕಾಂತನಿಗೆ ನಗು ಬಂತು. ಪೆನ್ನು ಹುಡುಕುವ ನೆಪದಲ್ಲಿ ನುಂಗಿದ. ಆಮೇಲೆ, ಮೊದಲ ಸಲ, ಮುದುಕಿಯ ಕಡೆಗೇ ಬಾಗಿದ.

"ಹೇಗಿದ್ದೀರಮ್ಮ?"

ಸುಗ್ರಾ ಬೀ ನಿಧಾನವಾಗಿ ತಲೆಯೆತ್ತಿದಳು. ಏನೋ ಹೇಳುತ್ತಾಳೆಂದು ಮೂವರೂ ಕಾದರು. ಆಕೆ ವಿಧೇಯಳಾಗಿ ನಾಲಿಗೆ ಚಾಚಿದಳು.

"ಸಾಕು," ಎಂದ. ಇನ್ನೊಮ್ಮೆ ಹೇಳಬೇಕಾಯಿತು.

ಮಾತ್ರೆ ನಿಲ್ಲಿಸಿದರೆ ಆಕೆ ಮಾತಾಡುತ್ತಾಳೆ. ಮಾತಾಡಿದರೆ ಈ ಮಗ ಮತ್ತೆ ಇಲ್ಲಿಗೇ ಕರೆತರುತ್ತಾನೆ. ಆಗ ಕೂತು ಕೇಳಬೇಕಾದವನು ತಾನು.

"ಏಕಾಏಕಿ ನಿಲ್ಲಿಸೋ ಹಾಗಿಲ್ಲ," ಎಂದ. ಅದು ನಿಜವೂ ಆಗಿದ್ದದ್ದು ಅನುಕೂಲವಾಯಿತು. "ಸ್ವಲ್ಪ ದಿನ ಹೀಗೇ ಹೋಗ್ಲಿ. ನೋಡೋಣ."

"ಏನನ್ನ ನೋಡೋದು?" ಎಂದಳು ರಶೀದಾ.

ಅವನು ಗಂಟೆ ಒತ್ತಿದ.

ಕಳಸದ ಕಡೆಯ ತೋಟದವನೊಬ್ಬ ಒಳಗೆ ಬಂದ. ಒಬ್ಬನೇ.

"ಪೇಶೆಂಟ್ ಎಲ್ಲಿ?"

"ತಂದೆಯವ್ರು ಹೊರಗೆ ಕೂತಿದ್ದಾರೆ. ಅವ್ರು ಯಾಕೆ ಸಾರ್, ನಾನು ಹೇಳ್ತೇನಲ್ಲ."

ಹೇಳತೊಡಗಿದ. ರಮಾಕಾಂತ ಕಿಟಕಿಯಾಚೆ ನೋಡಿದ. ಅಣ್ಣ ತಂಗಿ ರಸ್ತೆಯಲ್ಲಿ ನಿಂತು ಜಗಳವಾಡುತ್ತಿದ್ದರು. ಜಗಲಿಯ ಬೆಂಚಿನ ಮೇಲೆ ಸುಗ್ರಾ ಬೀ, ಪಕ್ಕದಲ್ಲಿ ಯಾರದೋ ತಂದೆ. ಇಬ್ಬರ ಬಾಯಿಯೂ ಅರೆ ತೆರೆದಿತ್ತು. ತೋಟಗಳಲ್ಲೆಲ್ಲ ಕಾಫಿ ಹೂ ಬಿರಿದಿದ್ದ ವಾರ, ಪೇಟೆಯೊಳಗೂ ಜೇನ್ನೊಣ. ಒಂದು ಬಂದು ಆಕೆಯ ಕೆಳತುಟಿಯ ಮೇಲೆ ಕೂತಿತು. ಅಂಚಿನುದ್ದಕ್ಕೂ ನಡೆಯಿತು. ಒಳಗೆ ಹೋಯಿತು, ಹೊರಗೆ ಬಂತು, ಇದು ಹೂವಲ್ಲವೆಂದು ನಂಬಲಾರದೆ ಮತ್ತೆ ಒಳಗೆ ಹೋಯಿತು.

ಆಕೆ ಕೈಯೆತ್ತಲಿಲ್ಲ.

ಕಿಟಕಿಯ ಈಚೆ ರಮಾಕಾಂತ ತನ್ನ ತುಟಿ ಒರೆಸಿಕೊಂಡ. ಮತ್ತೊಮ್ಮೆ ಒರೆಸಿಕೊಂಡ.