ಏರಿಸಿದ ಶ್ರುತಿ

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅನ್ನುತ್ತಾರೆ. ನನ್ನದಂತೂ ಪ್ರಾರ್ಥನೆಗೂ ಬಗ್ಗಲಿಲ್ಲ. ನಮ್ಮ ಸುವಾರ್ತೆ ತಂಡದ ವ್ಯಾನಿನಲ್ಲಿ ಹದಿನೆಂಟು ವರ್ಷ ಊರೂರು ಸುತ್ತಿ, ಚರ್ಚು, ಆಸ್ಪತ್ರೆ, ಜೈಲು ಅನ್ನದೆ ಹಾಡಿದವಳು ನಾನು. ಹೋದ ವರ್ಷ ಗಂಟಲಿನ ಆಪರೇಷನ್ ಆಗಿ ದನಿ ಹೋಯಿತು. ಮೈಕು ತಮ್ಮನ ಹೆಂಡತಿಯ ಕೈಸೇರಿತು, ನನ್ನ ಪಾಲಿಗೆ ಕೀಬೋರ್ಡ್ ಉಳಿಯಿತು.

ತಂಡದವರು ಅವಳನ್ನು ಕೋಗಿಲೆ ಎಂದು ಕರೆದರು. ಗೂಡು ಯಾವ ಕಾಗೆಯದು ಎಂದು ಒಬ್ಬರೂ ಕೇಳಲಿಲ್ಲ. ಕೃಪೆಯ ಬಗ್ಗೆ ಅಪ್ಪ ಬರೆದ ಹಾಡನ್ನು ನಾನು ಹಾಡಿದಾಗ ಜನ ಚೆನ್ನಾಗಿತ್ತು ಎಂದು ಕೈಕುಲುಕಿ ಹೋಗುತ್ತಿದ್ದರು. ಅವಳು ಹಾಡಿದರೆ ಅಳುತ್ತಾರೆ. ಅದೂ ನಾನೇ ಕಲಿಸಿದ್ದು, ಎಲ್ಲಿ ಉಸಿರೆಳೆಯಬೇಕು ಎಂಬುದು ಸಹ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮುಖದಲ್ಲಿ ಮಾತ್ರ ದೇವಸೇವಕಿಯ ನಗು.

ಒಂದು ದಿನ ಬೆಳಿಗ್ಗೆ ಹೆಂಗಸರ ಜೈಲಿನಲ್ಲಿ ಕಾರ್ಯಕ್ರಮ. ಊಟದ ಹಾಲ್‌ನಲ್ಲಿ ಅರವತ್ತು ಮಂದಿಯನ್ನು ಕೂರಿಸಿದ್ದರು. ನಾನು ಮೈಕಿನ ತಂತಿ ಜೋಡಿಸುತ್ತಿದ್ದಾಗ ಮೇಲ್ವಿಚಾರಕಿ ಬಂದು, ಹಾಡುವವರು ಹೋದ ಸಲದವರಿಗಿಂತ ಚೆನ್ನಾಗಿದ್ದಾರಂತೆ, ಹೌದಾ ಎಂದು ವಿಚಾರಿಸಿದಳು. ಹೋದ ಸಲದವಳು ನಾನೇ ಎಂಬುದು ಆ ಮಹಾತಾಯಿಗೆ ಮರೆತುಹೋಗಿತ್ತು.

ಕೀಬೋರ್ಡಿನಲ್ಲಿ ಶ್ರುತಿ ಏರಿಸುವ ಗುಂಡಿಯೊಂದಿದೆ. ಒತ್ತಿದಷ್ಟು ಮೆಟ್ಟಿಲು ಶ್ರುತಿ ಮೇಲೇರುತ್ತದೆ. ನುಡಿಸುವ ಬೆರಳು ಅದೇ ಜಾಗದಲ್ಲಿರುವುದರಿಂದ ನೋಡುವವರಿಗೆ ಗೊತ್ತಾಗುವುದಿಲ್ಲ. ನಾನು ಮೂರು ಸಲ ಒತ್ತಿದೆ. ಪುಟ್ಟ ಪರದೆಯ ಮೇಲೆ ಮೂರು ಎಂಬ ಅಂಕಿ ಬಂತು.

ಅಪ್ಪನ ಹಾಡಿನ ಮೊದಲ ಚರಣವನ್ನು ತಮ್ಮನ ಹೆಂಡತಿ ಹೇಗೋ ದಾಟಿದಳು. ಎರಡನೆಯದರ ಕೊನೆಗೆ, ಕೃಪೆ ಎಂಬ ಪದವನ್ನು ಮೇಲಕ್ಕೆ ಎಳೆಯುವ ಕಡೆ, ದನಿ ಸೀಳಿ ನಿಂತೇ ಹೋಯಿತು. ಮತ್ತೆ ಎತ್ತಿದಳು, ಮತ್ತೆ ಒಡೆಯಿತು. ಸುಳ್ಳೇಕೆ ಹೇಳಲಿ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕೈದಿಗಳು ಮಾತ್ರ ನಗಲಿಲ್ಲ. ಮುಂದಿನ ಬೆಂಚಿನ ಮುದುಕಿಯೊಬ್ಬಳು ಎದ್ದು ಬಂದು ಅವಳ ಕೈಗೆ ನೀರಿನ ಲೋಟ ಕೊಟ್ಟಳು.

"ತಗ್ಗಿಸಿ ಹಾಡಮ್ಮ," ಎಂದಳು. "ನಮ್ಗೂ ಅಷ್ಟು ಮೇಲೆ ಹೋಗಕ್ಕಾಗಲ್ಲ."

ಹೋದ ಸಲ ಹಾಡು ಕಲಿತಿದ್ದ ಆ ಮುದುಕಿಯೇ ತಗ್ಗಿನಲ್ಲಿ ಎತ್ತಿಕೊಟ್ಟಳು. ಉಳಿದವರು ಸೇರಿಕೊಂಡರು. ಕೀಬೋರ್ಡ್ ಯಾರಿಗೂ ಬೇಕಾಗಲಿಲ್ಲ. ನಾನು ಕೈಕಟ್ಟಿ ಕುಳಿತೆ.

ವ್ಯಾನು ಹೊರಟ ಮೇಲೆ, ಶ್ರುತಿಯೇನೋ ಸರಿಯಾಗೇ ಇತ್ತಪ್ಪ ಎಂದು ಸ್ಟಿಯರಿಂಗ್ ಹಿಡಿದಿದ್ದ ತಮ್ಮನಿಗೆ ಹೇಳಿದೆ. ಅವನು ಆ ಬಗ್ಗೆ ಏನನ್ನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ನನ್ನದು. ಅವಳು ಹಿಂದಿನ ಸೀಟಿನಲ್ಲಿ, ತಂತಿ ಸುರುಳಿಗಳ ನಡುವೆ, ನನ್ನ ಪಕ್ಕವೇ ಕುಳಿತಿದ್ದಳು. ಅತ್ತು ಅತ್ತು ಮೂಗು ಕೆಂಪಗಾಗಿತ್ತು.

"ಅತ್ತಿಗೆ, ದೇವರೇ ನನ್ನ ದನಿ ಕಿತ್ಕೊಂಡ," ಎಂದಳು. "ನಿಮ್ಮ ದನಿ ಹೋಯ್ತು ಅಂತ ಡಾಕ್ಟರ್ ಹೇಳಿದ ದಿನ ನಾನು ಬಾತ್‌ರೂಮಲ್ಲಿ ಬಾಗಿಲು ಹಾಕ್ಕೊಂಡು ನಕ್ಕಿದ್ದೆ. ಇನ್ನು ನಾನೇ ತಾನೇ ಹಾಡೋದು ಅಂತ. ಅದಕ್ಕೇ ಈ ಶಿಕ್ಷೆ. ಇನ್ಮೇಲೆ ನಾನು ಹಾಡಲ್ಲ."

ಒಂದು ವರ್ಷದಿಂದ ಬಯಸಿದ್ದು ತಾನಾಗಿ ಮಡಿಲಿಗೆ ಬಿದ್ದಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನಕ್ಕಿದ್ದಳಂತೆ, ಹಾಳಾದವಳು. ಕೆನ್ನೆಗೊಂದು ಬಾರಿಸೋಣ ಅನ್ನಿಸಿತು. ಆದರೆ ನಾನು ಒಳಗೊಳಗೇ ನಕ್ಕು ಇನ್ನೂ ಒಂದು ಗಂಟೆಯಾಗಿರಲಿಲ್ಲ, ಅದೂ ಕೃಪೆಯ ಹಾಡು ನುಡಿಸುತ್ತ. ಮಾಡಿದ್ದು ನಾನು, ಹೆಸರು ದೇವರಿಗೆ.

"ದೇವರಲ್ಲ ಕಣೇ," ಎಂದೆ. "ನಾನು. ಶ್ರುತಿ ಮೂರು ಏರಿಸಿಟ್ಟಿದ್ದೆ."

ಅವಳು ನನ್ನನ್ನೇ ದಿಟ್ಟಿಸಿದಳು. ಆಮೇಲೆ ವ್ಯಾನು ನಿಲ್ಲಿಸಲು ಹೇಳಿ ಮುಂದಿನ ಸೀಟಿಗೆ ಹೋದಳು.

ಈಗಲೂ ಹಾಡುವ ಮೊದಲು ಅವಳು ನನ್ನ ಬಳಿ ಬಂದು ಆ ಪರದೆ ನೋಡುತ್ತಾಳೆ. ನೋಡಲಿ. ನಾನೂ ಕೀಬೋರ್ಡನ್ನು ಅವಳಿಗೆ ಕಾಣುವಂತೆ ತಿರುಗಿಸಿಯೇ ಇಡುತ್ತೇನೆ. ಸೊನ್ನೆ ಕಂಡ ಮೇಲೆ ತಲೆಯಾಡಿಸಿ ಹಾಡುತ್ತಾಳೆ. ಜನ ಅಳುತ್ತಾರೆ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.